ಇಂದಿನ ಧಮ್ಮ ಚಿಂತನೆ: ಪಾಚಿ ಸರಿಸಿದರೆ ನೀರು

ಇಂದಿನ ಚಿಂತನೆ ದಿನಕ್ಕಿಂತ ಉದ್ದವಾಗಿದೆ. ಬೆಳಿಗ್ಗೆ ಕೆಲಸಕ್ಕೆ ಹೊರಟವರು ರಾತ್ರಿ ಊಟವಾದ ಮೇಲೆ ಓದಿ. ಅರ್ಧಕ್ಕೆ ಮಾತ್ರ ಬಿಡಬೇಡಿ. ನನ್ನದೇ ಒಂದು ತಪ್ಪಿನಿಂದ ಕಲಿತ ಪಾಠ ಇದು.

ಕೆಲವು ತಿಂಗಳ ಹಿಂದೆ ಹೆಚ್.ಡಿ. ಕೋಟೆ ಕಡೆಯ, ನಮ್ಮ ಬಳಗದ ಒಬ್ಬ ತಂಗಿ ವಾಯ್ಸ್ ಮೆಸೇಜ್ ಕಳಿಸಿದರು. ಅವರ ಮಾತನ್ನೇ ಬರೆಯುತ್ತೇನೆ.

"ಜೈ ಭೀಮ್ ಅಣ್ಣ. ನನ್ ಮಗ್ಳು ಪಿಯುಸಿ ಪಾಸ್ ಮಾಡವ್ಳೆ. ಮೈಸೂರಲ್ಲಿ ಡಿಗ್ರಿಗೆ ಸೀಟೂ ಸಿಕ್ಕದೆ, ಹಾಸ್ಟೆಲ್ಲೂ ಸಿಕ್ಕದೆ. ಆದ್ರೆ ಹೋಗಲ್ಲ ಅಂತ ಕುಂತವ್ಳೆ ಕಣಣ್ಣ. ದಿನಾ ನನ್ ಫೋನ್ ತಕಂಡು ನಮ್ ಗುಂಪಿಗೆ ಬರೋ ವಿಡಿಯೋ ನೋಡ್ತಾಳೆ. ಅಲ್ಲಿ ಹೊಡುದ್ರು, ಇಲ್ಲಿ ಸುಟ್ರು, ಇನ್ನೊಂದ್ ಕಡೆ ಕಾಲೇಜಲ್ಲಿ ಅವಮಾನ ಮಾಡುದ್ರು, ಬರೀ ಅದೇಯ. ಮೊನ್ನೆ ರಾತ್ರಿ ಕೇಳುದ್ಲು, ಅವ್ವ, ನಮ್ ಕೇರಿ ಬುಟ್ಟು ಆಚೆಗೆ ಹೋದ್ರೆ ನಮ್ಮನ್ನ ಮನುಷ್ರು ಅಂತ ನೋಡೋರು ಒಬ್ರೂ ಇಲ್ವಾ ಅಂತ. ಏನ್ ಹೇಳ್ಬೇಕು ಅಂತ್ಲೇ ತಿಳೀನಿಲ್ಲ ನಂಗೆ."

ಕೇಳಿ ಫೋನ್ ಕೆಳಗಿಟ್ಟೆ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಎತ್ತಿಕೊಂಡು, ಒಂದು ವಾರದಲ್ಲಿ ನಮ್ಮ ಗುಂಪಿಗೆ ಏನೇನು ಬಂದಿದೆ ಎಂದು ಮೇಲಕ್ಕೆ ಸರಿಸುತ್ತಾ ಹೋದೆ. ಹಲ್ಲೆ, ಬಹಿಷ್ಕಾರ, ಕೊಲೆ, ಅಳುವ ತಾಯಂದಿರು. ಕೆಲವು ಹೊಸವು, ಕೆಲವು ಎಷ್ಟೋ ವರ್ಷ ಹಳೆಯವು. ಕೆಲವು ಯಾವ ರಾಜ್ಯದವು ಎಂದೇ ಗೊತ್ತಾಗುವುದಿಲ್ಲ. ಅವುಗಳಲ್ಲಿ ಹೆಚ್ಚಿನವನ್ನು ಹಾಕಿದವನು ನಾನೇ. ಜಾಗೃತಿ ಮೂಡಿಸುತ್ತಿದ್ದೇನೆ ಅಂದುಕೊಂಡಿದ್ದೆ. ಬೆಳಿಗ್ಗೆ ಐದೂವರೆಗೆ ಎದ್ದು ಬುದ್ಧವಂದನೆಗೆ ಮೊದಲೇ ಫಾರ್ವರ್ಡ್ ಮಾಡುತ್ತಿದ್ದೆ.

ಓದುವುದಕ್ಕೆ ಹೊರಡಬೇಕಿದ್ದ ಒಂದು ಮಗು ಮನೆಯಲ್ಲಿ ಕುಳಿತಿತು. ಯಾವ ಜಾತಿವಾದಿಯೂ ಬಂದು ಅದರ ದಾರಿಗೆ ಅಡ್ಡ ನಿಂತಿರಲಿಲ್ಲ. ಅಡ್ಡ ನಿಂತದ್ದು ನನ್ನ ಫಾರ್ವರ್ಡುಗಳು.

*ಸುದ್ದಿ ಬೇರೆ, ಬದುಕು ಬೇರೆ*

ಹುಣಸೂರಿನಿಂದ ಮೈಸೂರಿಗೆ ದಿನವೂ ಎಷ್ಟೊಂದು ಬಸ್ಸುಗಳು ಹೋಗುತ್ತವೆ. ಕ್ಷೇಮವಾಗಿ ಊರು ಸೇರಿದ ಬಸ್ಸಿನ ಬಗ್ಗೆ ಯಾರೂ ಬರೆಯುವುದಿಲ್ಲ. ಒಂದು ಬಸ್ಸು ಹಳ್ಳಕ್ಕೆ ಇಳಿದರೆ ಬರೆಯುತ್ತಾರೆ. ಬರೆಯುವುದು ತಪ್ಪಲ್ಲ, ಅದು ಪತ್ರಿಕೆಯ ಕೆಲಸ. ಆದರೆ ಪತ್ರಿಕೆಯನ್ನಷ್ಟೇ ಓದಿದವನಿಗೆ ಎಲ್ಲಾ ಬಸ್ಸುಗಳೂ ಹಳ್ಳಕ್ಕೇ ಹೋಗುತ್ತವೆ ಅನ್ನಿಸಿಬಿಡುತ್ತದೆ.

ಮೊದಲು ಪತ್ರಿಕೆ ದಿನಕ್ಕೆ ಒಂದು ಸಲ ಬರುತ್ತಿತ್ತು. ಈಗ ಫೋನು ಜೇಬಿನಲ್ಲೇ ಇದೆ. ನಾವು ಯಾವುದನ್ನು ಹೆಚ್ಚು ಹೊತ್ತು ನೋಡುತ್ತೇವೋ ಅದನ್ನೇ ಅದು ಮತ್ತೆ ಮತ್ತೆ ತಂದು ತೋರಿಸುತ್ತದೆ. ಸಿಟ್ಟು ಮತ್ತು ಭಯ ನಮ್ಮನ್ನು ಹೆಚ್ಚು ಹೊತ್ತು ಹಿಡಿದು ಕೂರಿಸುತ್ತವೆ. ಹಾಗಾಗಿ ಫೋನಿನಲ್ಲಿ ಸಿಟ್ಟು ಮತ್ತು ಭಯಕ್ಕೆ ಕೊನೆಯೇ ಇಲ್ಲ.

ಇದರಿಂದ ಏನಾಗುತ್ತದೆ ಎಂಬುದಕ್ಕೆ ನಮ್ಮ ರಾಜ್ಯದ್ದೇ ಒಂದು ಘಟನೆ ಇದೆ. 2018ರ ಜುಲೈ 13ರಂದು ಬೀದರ್ ಜಿಲ್ಲೆಯ ಹಳ್ಳಿಗಾಡಿಗೆ ಹೈದರಾಬಾದಿನ ಕಡೆಯಿಂದ ಕೆಲವು ಗೆಳೆಯರು ಕಾರಿನಲ್ಲಿ ಬಂದಿದ್ದರು. ದಾರಿಯಲ್ಲಿ ಸಿಕ್ಕ ಶಾಲಾ ಮಕ್ಕಳಿಗೆ ಅವರು ಚಾಕೊಲೇಟ್ ಕೊಟ್ಟರು. ಆ ದಿನಗಳಲ್ಲಿ ಮಕ್ಕಳ ಕಳ್ಳರು ಬಂದಿದ್ದಾರೆ ಎಂಬ ಸುಳ್ಳು ವಾಟ್ಸಾಪ್‌ನಲ್ಲಿ ಊರೂರು ಸುತ್ತುತ್ತಿತ್ತು. ಚಾಕೊಲೇಟ್ ಕೊಟ್ಟವರೇ ಮಕ್ಕಳ ಕಳ್ಳರು ಎಂದು ಸುದ್ದಿ ಹಬ್ಬಿತು. ಮುರ್ಕಿ ಎಂಬ ಊರಿನ ಬಳಿ ನೂರಾರು ಜನ ಸೇರಿ ಹೊಡೆದರು. ಒಬ್ಬ ಯುವಕ ಸತ್ತುಹೋದ. ಉಳಿದವರನ್ನು ಗುಂಪಿನಿಂದ ಬಿಡಿಸಿದವರು ಪೊಲೀಸರು. ಬಿಡಿಸುವಾಗ ಅವರೂ ಪೆಟ್ಟು ತಿಂದರು. ಒಂದು ಫಾರ್ವರ್ಡನ್ನು ಒಮ್ಮೆಗೆ ಐದು ಕಡೆಗೆ ಮಾತ್ರ ಕಳಿಸಬಹುದು ಎಂಬ ಮಿತಿಯನ್ನು ವಾಟ್ಸಾಪ್ ಭಾರತದಲ್ಲಿ ತಂದದ್ದು ಅದೇ ತಿಂಗಳು.

ಯೋಚಿಸಿ ಬಂಧುಗಳೇ. ಮಗುವಿನ ಕೈಗೆ ಸಿಹಿ ಕೊಡುವುದು ಎಷ್ಟು ಸಣ್ಣ, ಎಷ್ಟು ಸಹಜವಾದ ಒಳ್ಳೆಯತನ! ಕೆಟ್ಟ ಸುದ್ದಿಯನ್ನೇ ತುಂಬಿಕೊಂಡ ಕಣ್ಣಿಗೆ ಅದೂ ಕೆಡುಕಾಗಿಯೇ ಕಂಡಿತು. ಒಳ್ಳೆಯದನ್ನು ಗುರುತಿಸಲಾಗದ ಕಣ್ಣು ಹೆದರುತ್ತದೆ. ಹೆದರಿದ ಜನ ಕೈ ಎತ್ತುತ್ತಾರೆ.

*ನಾಲ್ಕರಲ್ಲಿ ಎರಡನ್ನೇ ಮಾಡುತ್ತಿದ್ದೇವೆ*

ಅಷ್ಟಾಂಗ ಮಾರ್ಗದಲ್ಲಿ ಸಮ್ಮಾ ವಾಯಾಮ, ಅಂದರೆ ಸರಿಯಾದ ಪ್ರಯತ್ನ, ಒಂದು ಅಂಗ. ಅದರಲ್ಲಿ ನಾಲ್ಕು ಭಾಗಗಳಿವೆ ಎಂದು ತರಗತಿಯಲ್ಲಿ ಎಷ್ಟೋ ಸಲ ಓದಿದ್ದೇವೆ. ಹುಟ್ಟದ ಕೆಡುಕನ್ನು ಹುಟ್ಟದಂತೆ ತಡೆಯುವುದು ಒಂದು. ಹುಟ್ಟಿದ ಕೆಡುಕನ್ನು ತೊಲಗಿಸುವುದು ಎರಡು. ಹುಟ್ಟದ ಒಳಿತನ್ನು ಹುಟ್ಟಿಸುವುದು ಮೂರು. ಹುಟ್ಟಿದ ಒಳಿತನ್ನು ಕಾಪಾಡಿ ಬೆಳೆಸುವುದು ನಾಲ್ಕು.

ನಾವು ಹೋರಾಟದ ಜನ. ಮೊದಲ ಎರಡನ್ನು ಚೆನ್ನಾಗಿ ಕಲಿತಿದ್ದೇವೆ. ಕೆಡುಕು ಎಲ್ಲಿದೆ ಎಂದು ನಮಗೆ ಯಾರೂ ತೋರಿಸಿಕೊಡಬೇಕಾಗಿಲ್ಲ, ಮೈಮೇಲೆ ಅನುಭವಿಸಿ ತಿಳಿದಿದ್ದೇವೆ. ನಾಲ್ಕನೆಯದರ ಮಾತೇನು? ಹುಟ್ಟಿರುವ ಒಳಿತನ್ನು ಬೆಳೆಸಬೇಕಾದರೆ ಅದು ಎಲ್ಲಿ ಹುಟ್ಟಿದೆ ಎಂದು ಮೊದಲು ಕಾಣಬೇಕಲ್ಲವೇ? ಪೈರು ಯಾವುದು, ಕಳೆ ಯಾವುದು ಎಂದು ಗೊತ್ತಿಲ್ಲದವನು ಕೆ.ಆರ್. ನಗರದ ಗದ್ದೆಗೆ ಇಳಿದರೆ ಎರಡನ್ನೂ ಕಿತ್ತು ಹಾಕುತ್ತಾನೆ.

ಧಮ್ಮಪದದ ಪಾಪವಗ್ಗದಲ್ಲಿ 121 ಮತ್ತು 122ನೆಯ ಗಾಥೆಗಳು ಅಕ್ಕಪಕ್ಕದಲ್ಲಿವೆ. ಒಂದು ಕೆಟ್ಟದ್ದರ ಬಗ್ಗೆ, ಇನ್ನೊಂದು ಒಳ್ಳೆಯದರ ಬಗ್ಗೆ. ಎರಡಕ್ಕೂ ಬುದ್ಧರು ಕೊಟ್ಟ ಹೋಲಿಕೆ ಒಂದೇ, ಹನಿ ಹನಿಯಾಗಿ ತುಂಬುವ ಕೊಡ. ನಾನು ಇದನ್ನು ಎಷ್ಟೋ ವರ್ಷಗಳಿಂದ ಓದಿದ್ದರೂ ಆ ವಾಯ್ಸ್ ಮೆಸೇಜ್ ಬಂದ ದಿನ ಹೊಸದಾಗಿ ಅರ್ಥವಾಯಿತು. ನನ್ನ ಕೊಡಕ್ಕೆ ದಿನವೂ ಯಾವ ಹನಿ ಬೀಳುತ್ತಿದೆ? ಆ ಮಗುವಿನ ಕೊಡಕ್ಕೆ ನಾನು ಯಾವ ಹನಿ ಹಾಕುತ್ತಿದ್ದೆ?

*ದಣಿದ ಪ್ರಯಾಣಿಕ ಮತ್ತು ಪಾಚಿಯ ಕೆರೆ*

ಅಂಗುತ್ತರ ನಿಕಾಯದ ಐದರ ವಿಭಾಗದಲ್ಲಿ ಭಂತೆ ಸಾರಿಪುತ್ತರ ಒಂದು ಉಪದೇಶವಿದೆ. ಇನ್ನೊಬ್ಬರ ಮೇಲೆ ಮನಸ್ಸಿನಲ್ಲಿ ಸಿಟ್ಟು, ಅಸಮಾಧಾನ ಹುಟ್ಟಿದಾಗ ಅದನ್ನು ಕಳೆಯುವುದು ಹೇಗೆ ಎಂಬುದು ವಿಷಯ. ಅವರು ಐದು ಬಗೆಯ ಜನರನ್ನು ಹೇಳುತ್ತಾರೆ. ನಡತೆ ಕೆಟ್ಟಿದ್ದು ಮಾತು ಒಳ್ಳೆಯದಿರುವವನು. ಮಾತು ಕೆಟ್ಟಿದ್ದು ನಡತೆ ಒಳ್ಳೆಯದಿರುವವನು. ಎರಡೂ ಕೆಟ್ಟಿದ್ದರೂ ಆಗಾಗ ಮನಸ್ಸು ತಿಳಿಯಾಗುವವನು. ಎಲ್ಲವೂ ಕೆಟ್ಟಿರುವವನು. ಎಲ್ಲವೂ ಒಳ್ಳೆಯದಿರುವವನು.

ಎರಡನೆಯವನಿಗೆ ಅವರು ಕೊಡುವ ಹೋಲಿಕೆ ನಮ್ಮ ಕಡೆಯ ಕೆರೆಯ ಹಾಗೇ ಇದೆ. ಬಿಸಿಲಿನಲ್ಲಿ ನಡೆದು ದಣಿದು, ಬಾಯಾರಿ ಬಂದ ಒಬ್ಬ ಪ್ರಯಾಣಿಕ. ಮುಂದೆ ಒಂದು ಕೆರೆ, ಮೇಲೆಲ್ಲಾ ಪಾಚಿ. ಅವನು ನೀರಿಗಿಳಿದು ಎರಡೂ ಕೈಯಿಂದ ಪಾಚಿಯನ್ನು ಆಚೀಚೆ ಸರಿಸಿ, ಬೊಗಸೆಯಲ್ಲಿ ನೀರು ತೆಗೆದು ಕುಡಿದು, ತನ್ನ ದಾರಿ ಹಿಡಿಯುತ್ತಾನೆ.

ಇದರಲ್ಲಿ ನಾಲ್ಕು ವಿಷಯ ಗಮನಿಸಿ. ಪಾಚಿಯೇ ಇಲ್ಲ ಎಂದು ಸಾರಿಪುತ್ತರು ಹೇಳಲಿಲ್ಲ, ಕೆರೆಯ ತುಂಬಾ ಪಾಚಿ ಇದೆ. ನೀರು ತಾನಾಗಿ ಬಾಯಿಗೆ ಬರುವುದಿಲ್ಲ, ಕೈಯಿಂದ ಸರಿಸಬೇಕು, ಅದು ಕೆಲಸ. ಪಾಚಿ ಇದೆ ಎಂದು ಸಿಟ್ಟು ಮಾಡಿಕೊಂಡು ಕುಡಿಯದೆ ಹೋದರೆ ಸಾಯುವವನು ಪ್ರಯಾಣಿಕ, ಪಾಚಿಗೆ ಏನೂ ಆಗುವುದಿಲ್ಲ. ಕೊನೆಯದು ಎಲ್ಲಕ್ಕಿಂತ ಮುಖ್ಯ. ನೀರು ಕುಡಿದವನು ಕೆರೆಯ ದಡದಲ್ಲೇ ಮಲಗಲಿಲ್ಲ. ಅವನಿಗೆ ನಡೆಯಬೇಕಾದ ದಾರಿ ಇತ್ತು. ಆ ದಾರಿಗಾಗಿಯೇ ಕುಡಿದ.

*ಚವದಾರ್ ಕೆರೆಯ ದಡದಲ್ಲಿ*

ಕೆರೆ, ನೀರು ಅಂದ ಕೂಡಲೇ ನಮಗೆ ನೆನಪಾಗುವುದು ಮಹಾಡ್. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಸಾವಿರಾರು ಜನರೊಂದಿಗೆ ನಡೆದು ಹೋಗಿ ಚವದಾರ್ ಕೆರೆಯ ನೀರು ಕುಡಿದರು. ಆಮೇಲೆ ಏನಾಯಿತು ಎಂಬುದು ನಿಮಗೆ ಗೊತ್ತು. ಇವರು ವೀರೇಶ್ವರ ದೇವಸ್ಥಾನಕ್ಕೂ ನುಗ್ಗುತ್ತಾರೆ ಎಂದು ಯಾರೋ ಸುಳ್ಳು ಹಬ್ಬಿಸಿದರು. ಅದನ್ನು ನಂಬಿದ ಜನ ದೊಣ್ಣೆ ಹಿಡಿದು ಬಂದು, ಊಟ ಮಾಡುತ್ತಿದ್ದವರು, ಊರಿಗೆ ಹೊರಟವರು ಎನ್ನದೆ ಹೊಡೆದರು. ಅಂದು ಫೋನು ಇರಲಿಲ್ಲ, ಬಾಯಿಂದ ಬಾಯಿಗೆ ಹೋದ ಫಾರ್ವರ್ಡ್ ಅದು. ಆಮೇಲೆ 108 ಗಡಿಗೆ ಲೆಕ್ಕದಲ್ಲಿ ಸಗಣಿ, ಗೋಮೂತ್ರ ಬೆರೆಸಿ ಸುರಿದು ಕೆರೆಯನ್ನು 'ಶುದ್ಧ' ಮಾಡಿದರು.

ಇಷ್ಟನ್ನು ನಾವು ಪ್ರತಿ ಮಾರ್ಚ್ ತಿಂಗಳಲ್ಲಿ ಹೇಳುತ್ತೇವೆ, ಹೇಳಲೇಬೇಕು. ಅದೇ ಮಹಾಡ್‌ನ ಕಥೆಯಲ್ಲಿ ಇನ್ನೂ ಕೆಲವರು ಇದ್ದಾರೆ. 1923ರ ಆಗಸ್ಟ್ 4ರಂದು ಮುಂಬೈ ವಿಧಾನ ಪರಿಷತ್ತಿನಲ್ಲಿ ಸಾರ್ವಜನಿಕ ಕೆರೆ ಬಾವಿಗಳನ್ನು ಎಲ್ಲರಿಗೂ ತೆರೆಯಬೇಕು ಎಂಬ ನಿರ್ಣಯ ತಂದವರು ಎಸ್.ಕೆ. ಬೋಲೆ. ಅದನ್ನು ಜಾರಿಗೆ ತರಲು ಮುಂದೆ ಬಂದ ಊರು ಮಹಾಡ್. ಅಲ್ಲಿನ ಪುರಸಭೆಯ ಅಧ್ಯಕ್ಷರಾಗಿ ಬಾಬಾಸಾಹೇಬರ ಪರ ನಿಂತವರು ಸುರೇಂದ್ರನಾಥ್ ಟಿಪ್ನಿಸ್. ಹಲ್ಲೆಯ ದಿನ ಓಡಿ ಬಂದ ನಮ್ಮವರಿಗೆ ಬಾಗಿಲು ತೆರೆದು ಒಳಗೆ ಸೇರಿಸಿಕೊಂಡ ಮುಸ್ಲಿಂ ಮನೆಗಳಿದ್ದವು. ಅದೇ ವರ್ಷ ಡಿಸೆಂಬರಿನಲ್ಲಿ ಎರಡನೆಯ ಪರಿಷತ್ತು ನಡೆಸಲು ಹಿಂದೂಗಳು ಯಾರೂ ಜಾಗ ಕೊಡದಿದ್ದಾಗ ತನ್ನ ಸ್ವಂತ ಜಮೀನು ಕೊಟ್ಟವರು ಫತ್ತೇಖಾನ್. ಅಲ್ಲಿ ಡಿಸೆಂಬರ್ 25ರಂದು ಮನುಸ್ಮೃತಿ ಸುಡುವಾಗ ಮುಂದೆ ನಿಂತವರಲ್ಲಿ ಬ್ರಾಹ್ಮಣರಾಗಿ ಹುಟ್ಟಿದ ಜಿ.ಎನ್. ಸಹಸ್ರಬುದ್ಧೆ ಒಬ್ಬರು. ಮುಂದೆ ಬಾಬಾಸಾಹೇಬರ 'ಜನತಾ' ಪತ್ರಿಕೆಯ ಸಂಪಾದಕರಾದವರೂ ಅವರೇ.

ದೊಣ್ಣೆ ಹಿಡಿದವರೂ ಬಾಗಿಲು ತೆರೆದವರೂ ಒಂದೇ ಊರಿನವರು, ಒಂದೇ ದಿನದಲ್ಲಿ. ಬಾಬಾಸಾಹೇಬರು ಎರಡನ್ನೂ ನೋಡಿದರು. ಬಾಗಿಲು ತೆರೆದವರಿದ್ದಾರೆ ಎಂದು ದೊಣ್ಣೆಯನ್ನು ಮರೆಯಲಿಲ್ಲ. ಕೋರ್ಟಿನಲ್ಲಿ ಸುಮಾರು ಹತ್ತು ವರ್ಷ ಕೇಸು ಎದುರಿಸಿದರು, 1937ರ ಮಾರ್ಚ್ 17ರಂದು ಮುಂಬೈ ಹೈಕೋರ್ಟಿನಲ್ಲಿ ಗೆದ್ದರು. ದೊಣ್ಣೆ ಹಿಡಿದವರಿದ್ದಾರೆ ಎಂದು ಬಾಗಿಲು ತೆರೆದವರನ್ನೂ ಮರೆಯಲಿಲ್ಲ. ಅವರನ್ನು ಜೊತೆಗೆ ಕರೆದುಕೊಂಡು ನಡೆದರು.

ಅವರ ಕೊನೆಯ ಕಾಲದ ಒಂದು ಬರಹವನ್ನೂ ನೆನೆಯೋಣ. 'ಬುದ್ಧ ಮತ್ತು ಆತನ ಧಮ್ಮ' ಗ್ರಂಥಕ್ಕೆ ಅವರು 1956ರ ಮಾರ್ಚ್ 15ರಂದು ಒಂದು ಮುನ್ನುಡಿ ಬರೆದರು. ತಾವು ಬುದ್ಧನ ಕಡೆಗೆ ಹೇಗೆ ತಿರುಗಿದೆವು ಎಂದು ಹೇಳುವಾಗ ಅವರಿಗೆ ನೆನಪಾದದ್ದು ಬಾಲ್ಯದ ಒಂದು ಸಣ್ಣ ಘಟನೆ. ಪರೀಕ್ಷೆ ಪಾಸು ಮಾಡಿದ್ದಕ್ಕೆ ಕೇರಿಯ ಜನ ಒಂದು ಸಭೆ ಇಟ್ಟುಕೊಂಡರು. ಸಭೆಗೆ ಬಂದ ದಾದಾ ಕೇಳುಸ್ಕರ್ ಅವರು ತಾವು ಬರೆದ ಬುದ್ಧನ ಚರಿತ್ರೆಯ ಒಂದು ಪ್ರತಿಯನ್ನು ಹುಡುಗನ ಕೈಗೆ ಕೊಟ್ಟರು. ಅಷ್ಟೇ. ಒಂದು ಪುಸ್ತಕ. ಅದು ಯಾವ ಪತ್ರಿಕೆಯಲ್ಲೂ ದೊಡ್ಡ ಸುದ್ದಿಯಾಗುವಂಥದ್ದಲ್ಲ. ಆ ಹುಡುಗನೇ 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಲಕ್ಷಾಂತರ ಜನರನ್ನು ಧಮ್ಮಕ್ಕೆ ಕರೆತಂದರು. ಅದೇ ಮುನ್ನುಡಿಯಲ್ಲಿ ತಮ್ಮ ಕಾಯಿಲೆಯಲ್ಲಿ ಆರೈಕೆ ಮಾಡಿದ ಮಾಯಿಸಾಹೇಬ್ ಸವಿತಾ ಅವರನ್ನೂ ಡಾ. ಮಾಳವಣಕರ್ ಅವರನ್ನೂ ನೆನೆದರು. ಅಷ್ಟು ಅವಮಾನ ಉಂಡ ಮನುಷ್ಯ ಒಂದು ಪುಸ್ತಕ ಕೊಟ್ಟವರನ್ನು ಅರ್ಧ ಶತಮಾನ ಮನಸ್ಸಿನಲ್ಲಿ ಇಟ್ಟುಕೊಂಡಿದ್ದರು. ನಾವು ನಿನ್ನೆ ಯಾರು ಏನು ಒಳ್ಳೆಯದು ಮಾಡಿದರು ಎಂಬುದನ್ನೇ ಮರೆತಿದ್ದೇವೆ.

*ಒಂದು ವಾರ ಕಣ್ಣಿಟ್ಟು ನೋಡಿದ್ದು*

ಭಾನುವಾರ ಪಿರಿಯಾಪಟ್ಟಣದ ತರಗತಿಯಲ್ಲಿ ನನ್ನ ತಪ್ಪನ್ನು ಎಲ್ಲರ ಮುಂದೆ ಹೇಳಿದೆ. ಒಂದು ಕೆಲಸವನ್ನೂ ಕೊಟ್ಟೆ. ಮುಂದಿನ ಭಾನುವಾರದವರೆಗೆ ದಿನಕ್ಕೊಂದು ಒಳ್ಳೆಯ ಕೆಲಸವನ್ನು ನೋಡಿ ಬನ್ನಿ. ಸ್ವಂತ ಕಣ್ಣಿನಿಂದ ನೋಡಿರಬೇಕು. ಯಾರೋ ಹೇಳಿದ್ದು, ಫೋನಿನಲ್ಲಿ ಬಂದದ್ದು ಬೇಡ. ದೊಡ್ಡದೇ ಆಗಬೇಕೆಂದಿಲ್ಲ.

ಮುಂದಿನ ವಾರ ಬಂದವುಗಳಲ್ಲಿ ನಾಲ್ಕನ್ನು ಹೇಳುತ್ತೇನೆ.

ಹುಣಸೂರು ಕಡೆಯ ಅಕ್ಕ ಹೇಳಿದ್ದು: ಹೊಗೆಸೊಪ್ಪಿನ ಬ್ಯಾರನ್ ಹತ್ತಿರ ಹೆಂಗಸರು ಕಡ್ಡಿಗೆ ಸೊಪ್ಪು ಕಟ್ಟುತ್ತಿದ್ದರು. ಕಡ್ಡಿ ಲೆಕ್ಕದಲ್ಲಿ ಕೂಲಿ. ಒಬ್ಬಾಕೆಗೆ ಜ್ವರ ಬಂದು ಮಧ್ಯಾಹ್ನಕ್ಕೇ ಮರದ ಕೆಳಗೆ ಮಲಗಿಬಿಟ್ಟಳು. ಸಂಜೆ ಎಣಿಸುವಾಗ ಅವಳ ಹೆಸರಿಗೂ ಎಲ್ಲರಷ್ಟೇ ಕಡ್ಡಿ ಇದ್ದವು. ಉಳಿದವರು ಮಾತಾಡಿಕೊಳ್ಳದೆ ಎರಡೆರಡು, ಮೂರು ಮೂರು ಕಡ್ಡಿ ಅವಳ ಕಡೆಗೆ ಸೇರಿಸಿದ್ದರು.

ಕೆ.ಆರ್. ನಗರದ ತಮ್ಮ ಹೇಳಿದ್ದು: ಸಂಜೆ ಮಳೆ, ಕೊನೆಯ ಬಸ್ಸು. ಕಂಡಕ್ಟರ್ ಬಾಯಿ ಬಿಟ್ಟರೆ ಬೈಗುಳವೇ. ಸ್ಟಾಪಿನಲ್ಲಿ ದಿನಾ ಹತ್ತುವ ಹೈಸ್ಕೂಲ್ ಹುಡುಗಿಯರು ಕಾಣಲಿಲ್ಲ. ಆತ ಬೈಯುತ್ತಲೇ ಬಸ್ಸು ನಿಲ್ಲಿಸಿ, ಅವರು ಓಡಿ ಬಂದು ಹತ್ತುವವರೆಗೆ ಕಾದ. ಆ ತಮ್ಮ ಇದನ್ನು ಹೇಳಿ ನಕ್ಕರು, "ಸಾರಿಪುತ್ತರ ಕೆರೆ ಇದೇ ಅಲ್ವಾ ಸಾರ್? ಬಾಯೆಲ್ಲಾ ಪಾಚಿ, ಒಳಗಡೆ ನೀರು."

ಹೆಚ್.ಡಿ. ಕೋಟೆಯ ಕಾಡಂಚಿನ ಅಣ್ಣ ಹೇಳಿದ್ದು: ಕೊಡಗಿನ ತೋಟದ ಕೆಲಸ ಮುಗಿಸಿ ಮುಸ್ಸಂಜೆಯಲ್ಲಿ ಬೈಕಿನಲ್ಲಿ ಬರುವಾಗ ಹಾಡಿಯ ಹುಡುಗನೊಬ್ಬ ರಸ್ತೆ ಮಧ್ಯೆ ಕೈ ಅಡ್ಡ ಹಿಡಿದು ನಿಲ್ಲಿಸಿದ. ಮುಂದಿನ ತಿರುವಿನಲ್ಲಿ ಆನೆ ಇತ್ತು. ಅದು ಕಾಡಿಗೆ ಇಳಿಯುವವರೆಗೆ ಅವನು ಅಲ್ಲೇ ನಿಂತು ಬಂದ ಪ್ರತಿಯೊಂದು ಗಾಡಿಯನ್ನೂ ತಡೆದ. ಯಾರೂ ಹೇಳಿ ನಿಲ್ಲಿಸಿದ್ದಲ್ಲ, ಯಾರೂ ದುಡ್ಡು ಕೊಟ್ಟದ್ದೂ ಅಲ್ಲ.

ಪಿರಿಯಾಪಟ್ಟಣದ ಅವ್ವ ಹೇಳಿದ್ದು: ಬೈಲಕುಪ್ಪೆಯಲ್ಲಿ ಟಿಬೆಟಿನವರ ಜೋಳದ ಹೊಲಕ್ಕೆ ಕೂಲಿಗೆ ಹೋಗಿದ್ದರು. ಆ ಮನೆಯ ಮುದುಕಿ ಫ್ಲಾಸ್ಕಿನಲ್ಲಿ ಟೀ ತಂದು, ಎಲ್ಲರಿಗೂ ಕೊಟ್ಟು, ಅದೇ ಲೋಟಗಳಲ್ಲಿ ಒಂದನ್ನು ತೊಳೆದು ತಾನೂ ಪಕ್ಕದಲ್ಲೇ ಕುಳಿತು ಕುಡಿದಳು. "ನಮ್ಮೂರ್ ಹೋಟ್ಲಲ್ಲಿ ನಮ್ಗೆ ಅಂತ ಬೇರೆ ಲೋಟ ಮಡಗಿದ್ದ ಕಾಲ ನೋಡಿವ್ನಿ ಕಣಪ್ಪ. ಆ ಮುದ್ಕಿಗೆ ಅದೆಲ್ಲ ತಿಳೀದೆ ಇಲ್ಲ" ಎಂದರು.

ಬೈಲಕುಪ್ಪೆಯ ಆ ಜನ ಊರು, ದೇಶ ಕಳೆದುಕೊಂಡು ಬಂದವರು. 1960ರ ಹೊತ್ತಿಗೆ ಅಂದಿನ ಮೈಸೂರು ಸರ್ಕಾರ ಸುಮಾರು 3000 ಎಕರೆ ಜಾಗ ಕೊಟ್ಟಾಗ ಅಲ್ಲಿ ಕಾಡು ಬಿಟ್ಟರೆ ಏನೂ ಇರಲಿಲ್ಲ. ನಾವು ಇಂದು ಮಕ್ಕಳನ್ನು ಕರೆದುಕೊಂಡು ಹೋಗಿ ತೋರಿಸುವ ನಾಮ್‌ಡ್ರೋಲಿಂಗ್ ವಿಹಾರ 1963ರಲ್ಲಿ ಶುರುವಾದಾಗ ಬಿದಿರಿನ ಗುಡಿಸಲಷ್ಟೇ. ನೆಲ ಕೊಟ್ಟದ್ದೂ ಒಂದು ಒಳ್ಳೆಯತನ, ಅದರ ಮೇಲೆ ದುಡಿದು ಬದುಕು ಕಟ್ಟಿದ್ದೂ ಒಂದು ಒಳ್ಳೆಯತನ.

*ಹಕ್ಕು ಬೇರೆ, ಉಪಕಾರ ಬೇರೆ*

ಆಗ ಹಿಂದಿನ ಸಾಲಿನಲ್ಲಿದ್ದ ಒಬ್ಬ ಯುವಕ ಎದ್ದು ನಿಂತರು. ಅವರ ಪ್ರಶ್ನೆ ನಿಮ್ಮಲ್ಲೂ ಇರಬಹುದು.

"ಸಾರ್, ಬೇಜಾರ್ ಮಾಡ್ಕೋಬೇಡಿ. ಒಂದೇ ಲೋಟದಲ್ಲಿ ಟೀ ಕೊಟ್ರೆ ಅದು ಉಪಕಾರನಾ? ಅದು ನಮ್ ಹಕ್ಕು ಅಲ್ವಾ? ಅದಕ್ಕೆಲ್ಲ ಕೈ ಮುಗೀತಾ ಕೂತ್ರೆ ನಮ್ ಹುಡುಗ್ರು ಸಿಟ್ಟನ್ನೇ ಮರ್ತುಬಿಡ್ತಾರೆ. ಎಲ್ಲ ಚೆನ್ನಾಗೇ ಐತೆ ಅಂತ ನಮ್ಮನ್ನ ಮಲಗ್ಸೋಕೆ ಬೇರೆಯವ್ರು ಇದ್ದೇ ಅವ್ರೆ. ನಾವೂ ಅದ್ನೇ ಮಾಡ್ಬೇಕಾ?"

ಆ ಪ್ರಶ್ನೆಗೆ ನಾನು ಕೃತಜ್ಞ. ಅವರು ಹೇಳಿದ್ದು ಸರಿ. ಸಂವಿಧಾನದ 17ನೆಯ ವಿಧಿ ಅಸ್ಪೃಶ್ಯತೆಯನ್ನು ನಿಷೇಧಿಸಿದೆ. ಒಂದೇ ಲೋಟ, ಒಂದೇ ಬಾವಿ, ಒಂದೇ ಬೆಂಚು ನಮ್ಮ ಹಕ್ಕು. ಹಕ್ಕನ್ನು ಕೊಟ್ಟವರಿಗೆ ಕೈ ಮುಗಿಯಬೇಕಾಗಿಲ್ಲ. ಹಕ್ಕಿಗೆ ಕೈ ಮುಗಿಯಲು ಶುರು ಮಾಡಿದರೆ ಅದು ಮತ್ತೆ ಭಿಕ್ಷೆಯಾಗುತ್ತದೆ.

ಹಾಗಾದರೆ ಆ ಅವ್ವ ಕಂಡದ್ದು ಏನು? ಆಕೆ ಕೈ ಮುಗಿಯಲಿಲ್ಲ. ಆಕೆ ಗುರುತಿಸಿದಳು. ಗುರುತಿಸುವುದಕ್ಕೂ ಋಣ ಹೊರುವುದಕ್ಕೂ ವ್ಯತ್ಯಾಸವಿದೆ. ಋಣ ಹೊತ್ತವನ ತಲೆ ತಗ್ಗುತ್ತದೆ. ಗುರುತಿಸಿದವನ ತಲೆ ನೆಟ್ಟಗೇ ಇರುತ್ತದೆ, ಕಣ್ಣು ಮಾತ್ರ ತೆರೆದಿರುತ್ತದೆ. ಮನುಷ್ಯ ಮನುಷ್ಯನ ಪಕ್ಕ ಕುಳಿತು ಟೀ ಕುಡಿಯಲು ಸಾಧ್ಯ, ಅದು ನಮ್ಮ ತಾಲ್ಲೂಕಿನಲ್ಲೇ ನಡೆಯುತ್ತಿದೆ ಎಂದು ಕಂಡವನು, ನಡೆಯದ ಕಡೆ ಹೋಗಿ "ಇಲ್ಲಿ ಯಾಕಿಲ್ಲ?" ಎಂದು ಇನ್ನೂ ಗಟ್ಟಿಯಾಗಿ ಕೇಳುತ್ತಾನೆ. ಎಲ್ಲಿಯೂ ಇಲ್ಲ ಎಂದುಕೊಂಡವನು ಕೇಳುವುದನ್ನೇ ಬಿಡುತ್ತಾನೆ. ಆ ಮಗು ಹಾಸ್ಟೆಲ್‌ಗೆ ಹೋಗಲ್ಲ ಎಂದು ಕುಳಿತ ಹಾಗೆ. ಸಿಟ್ಟು ಹೋರಾಟವನ್ನು ಶುರು ಮಾಡಬಹುದು. ಮಹಾಡ್‌ನ ಕೇಸಿನ ಹಾಗೆ ಹತ್ತು ವರ್ಷ ನಡೆಯಬೇಕಾದರೆ ಆ ಪ್ರಯಾಣಿಕನಿಗೆ ನೀರು ಬೇಕು.

ಇನ್ನೊಂದು ಮಾತು. ಒಳ್ಳೆಯತನ ಒಬ್ಬಿಬ್ಬರ ಮನಸ್ಸಿನಲ್ಲೇ ಉಳಿದರೆ ಸಾಲದು, ಅದು ವ್ಯವಸ್ಥೆಯಾಗಬೇಕು. ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯ ದೇವರಾಜ ಅರಸರು ಮುಖ್ಯಮಂತ್ರಿಯಾಗಿದ್ದಾಗ, ಅವರ ಸಂಪುಟದಲ್ಲಿ ಬಿ. ಬಸವಲಿಂಗಪ್ಪನವರು ಸಚಿವರಾಗಿದ್ದಾಗ, ತಲೆಯ ಮೇಲೆ ಮಲ ಹೊರುವ ಪದ್ಧತಿಗೆ ರಾಜ್ಯದಲ್ಲಿ ನಿಷೇಧ ಬಂತು. ಪಾಪ ಎಂದು ಮರುಗಿದ್ದರೆ ಅದು ಕರುಣೆ ಮಾತ್ರವಾಗಿರುತ್ತಿತ್ತು. ಆದೇಶ ಮಾಡಿದ್ದರಿಂದ ಬುಟ್ಟಿ ತಲೆಯಿಂದ ಇಳಿಯಿತು. 22 ಪ್ರತಿಜ್ಞೆಗಳಲ್ಲಿ ಎಲ್ಲಾ ಜೀವಿಗಳ ಮೇಲೆ ಕರುಣೆ ಇಡುತ್ತೇನೆ ಎಂಬುದೂ ಇದೆ, ಸಮಾನತೆಯನ್ನು ಸ್ಥಾಪಿಸಲು ಪ್ರಯತ್ನಿಸುತ್ತೇನೆ ಎಂಬುದೂ ಇದೆ. ಎರಡನ್ನೂ ಒಟ್ಟಿಗೇ ತೆಗೆದುಕೊಂಡಿದ್ದೇವೆ.

*ನಮ್ಮ ಒಳ್ಳೆಯದನ್ನು ಯಾರು ಬರೆಯುತ್ತಾರೆ?*

ಬಾಬಾಸಾಹೇಬರು 1920ರ ಜನವರಿ 31ರಂದು 'ಮೂಕನಾಯಕ' ಆರಂಭಿಸಿದಾಗ, ದುಡ್ಡು ಕೊಡುತ್ತೇವೆ ಎಂದರೂ ಅದರ ಜಾಹೀರಾತನ್ನು ಹಾಕಲು 'ಕೇಸರಿ' ಪತ್ರಿಕೆ ಒಪ್ಪಲಿಲ್ಲ. ಮಹಾಡ್ ನಡೆದ ಎರಡು ವಾರಕ್ಕೆ, 1927ರ ಏಪ್ರಿಲ್ 3ರಂದು, 'ಬಹಿಷ್ಕೃತ ಭಾರತ' ತಂದರು. ನಮ್ಮ ಸುದ್ದಿಯನ್ನು ನಾವೇ ಬರೆಯಬೇಕು ಎಂಬುದು ಅವರಿಗೆ ಅಂದೇ ಗೊತ್ತಿತ್ತು.

ಇಂದಿಗೂ ನಮ್ಮವರು ಸುದ್ದಿಯಾಗುವುದು ಹೆಚ್ಚಾಗಿ ಸತ್ತಾಗ, ಪೆಟ್ಟು ತಿಂದಾಗ. ಜ್ವರ ಬಂದವಳ ಪಾಲಿಗೆ ಮೂರು ಕಡ್ಡಿ ಸೊಪ್ಪು ಸೇರಿಸಿದ ಹೆಂಗಸರು ಸುದ್ದಿಯಾಗುವುದಿಲ್ಲ. ಅವರಲ್ಲಿ ಯಾರ ಬಳಿಯೂ ಹೆಚ್ಚಿಗೆ ಏನಿರಲಿಲ್ಲ. ತಮ್ಮ ಕೂಲಿಯಿಂದಲೇ ಕೊಟ್ಟರು. ದಶ ಪಾರಮಿತೆಗಳಲ್ಲಿ ದಾನ ಎಂಬುದನ್ನು ನಮ್ಮ ಮಕ್ಕಳಿಗೆ ಕಲಿಸಲು ಇದಕ್ಕಿಂತ ಒಳ್ಳೆಯ ಪಾಠ ಎಲ್ಲಿದೆ? ಕೆಟ್ಟ ಸುದ್ದಿಯನ್ನು ಮಾತ್ರ ಹಂಚಿದರೆ ನಮ್ಮ ಮಕ್ಕಳು ತಮ್ಮನ್ನು ತಾವು ಪೆಟ್ಟು ತಿನ್ನುವವರು ಎಂದಷ್ಟೇ ತಿಳಿಯುತ್ತಾರೆ. ತಾವು ಕೊಡುವ ಕೈಯುಳ್ಳವರ ಮಕ್ಕಳು ಎಂದು ತಿಳಿಯುವುದೇ ಇಲ್ಲ. ಬುದ್ಧರು ಸೀಲಾನುಸ್ಸತಿ, ಚಾಗಾನುಸ್ಸತಿ ಎಂದು ಕಲಿಸಿದ್ದು ಇದನ್ನೇ. ತಾನು ಪಾಲಿಸಿದ ಶೀಲವನ್ನು, ತಾನು ಮಾಡಿದ ತ್ಯಾಗವನ್ನು ಆಗಾಗ ನೆನೆದು ಮನಸ್ಸನ್ನು ಗಟ್ಟಿ ಮಾಡಿಕೊಳ್ಳುವುದು. ಜಂಬಕ್ಕಲ್ಲ, ಧೈರ್ಯಕ್ಕೆ.

*ಈ ವಾರದ ಅಭ್ಯಾಸ*

1. ಬೆಳಿಗ್ಗೆ ಎದ್ದ ಮೇಲೆ ಮೊದಲು ವಂದನೆ, ಆಮೇಲೆ ಫೋನು. ವಂದನೆ ಮುಗಿದ ಮೇಲೆ ಎರಡು ನಿಮಿಷ ಕುಳಿತು, ನಿನ್ನೆ ಕಣ್ಣಾರೆ ಕಂಡ ಒಂದು ಒಳ್ಳೆಯ ಕೆಲಸವನ್ನು ನೆನೆಯಿರಿ. ನೆನಪಾಗದಿದ್ದರೆ ಇಂದು ಕಣ್ಣಿಟ್ಟು ನೋಡಿ.

2. ದೌರ್ಜನ್ಯದ ಸುದ್ದಿ ಬಂದರೆ ಮುಚ್ಚಿಡಬೇಡಿ. ಹಾಕುವ ಮೊದಲು ಮೂರು ಪ್ರಶ್ನೆ ಕೇಳಿಕೊಳ್ಳಿ. ಇದು ಎಲ್ಲಿ, ಯಾವಾಗ ನಡೆದದ್ದು? ನಿಜವೇ? ನಾವು ಮಾಡಬಹುದಾದ್ದು ಏನು? ಮೂರಕ್ಕೂ ಉತ್ತರವಿದ್ದರೆ ಉತ್ತರದ ಜೊತೆಗೇ ಹಾಕಿ. ನಮ್ಮ ತಾಲ್ಲೂಕುಗಳಲ್ಲಿ ಏನಾದರೂ ನಡೆದರೆ ವಿಡಿಯೋ ಹಂಚುವ ಮೊದಲು ಅಲ್ಲಿಗೆ ಹೋಗಿ. 1989ರ ದೌರ್ಜನ್ಯ ತಡೆ ಕಾಯ್ದೆಯಡಿ ದೂರು ಕೊಡಿಸಿ. ನಾಗರಿಕ ಹಕ್ಕು ಜಾರಿ ನಿರ್ದೇಶನಾಲಯಕ್ಕೆ ಬರೆಯಿರಿ. ದೌರ್ಜನ್ಯದ ರಾಷ್ಟ್ರೀಯ ಸಹಾಯವಾಣಿ ಸಂಖ್ಯೆ 14566. ಶವದ ಚಿತ್ರ, ಅಳುವ ಹೆಣ್ಣುಮಕ್ಕಳ ಚಿತ್ರ ಹಾಕಲೇಬೇಡಿ.

3. ಒಳ್ಳೆಯ ಕೆಲಸವನ್ನು ಹೇಳುವಾಗ ಸಹಾಯ ಪಡೆದವರ ಹೆಸರು, ಮುಖ ಬೇಡ. ಬಡವರ ಕೈಗೆ ಅಕ್ಕಿ ಚೀಲ ಕೊಟ್ಟು ತೆಗೆಸಿಕೊಂಡ ಫೋಟೋಗಳು ಸಾಕಷ್ಟಿವೆ. ಕೆಲಸವನ್ನು ಮಾತಿನಲ್ಲಿ ಹೇಳಿ, ಸಾಕು.

4. ಮನೆಯಲ್ಲಿ ಮಕ್ಕಳಿದ್ದರೆ ರಾತ್ರಿ ಊಟಕ್ಕೆ ಕುಳಿತಾಗ ಅವರನ್ನು ಕೇಳಿ, "ಇವತ್ತು ಯಾರು ಏನು ಒಳ್ಳೇದು ಮಾಡಿದ್ರು?" ಅವರ ಕಣ್ಣು ನಮ್ಮ ಕಣ್ಣಿಗಿಂತ ಚುರುಕು.

*ಆ ಮಗು*

ಆ ನಾಲ್ಕು ವಿಷಯಗಳನ್ನು ನಾನು ತಂಗಿಗೆ ಫಾರ್ವರ್ಡ್ ಮಾಡಲಿಲ್ಲ. ಫೋನ್ ಮಾಡಿ ಮಾತಾಡಿದೆ. ಅವರು ಮಗಳನ್ನು ಮುಂದೆ ಕೂರಿಸಿಕೊಂಡು ಅವಳದೇ ಕಥೆ ಹೇಳಿದರಂತೆ. ಹೈಸ್ಕೂಲಿನಲ್ಲಿ ಫೀಸು ಕಟ್ಟಿದ ಟೀಚರ್ ಯಾರು, ಹಾಸ್ಟೆಲ್ ಅರ್ಜಿ ತುಂಬಿಕೊಟ್ಟವರು ಯಾರು, ಸರ್ಟಿಫಿಕೇಟ್ ಮರೆತು ಬಂದ ದಿನ "ನಾಳೆ ತಂದುಕೊಡು" ಎಂದು ಬಾಗಿಲು ಹಾಕದೆ ಕಾದ ಗುಮಾಸ್ತ ಯಾರು. ಬೇರೆ ಬೇರೆ ಜಾತಿಯವರು, ಬೇರೆ ಬೇರೆ ಊರಿನವರು. ಕೆಟ್ಟದ್ದನ್ನೂ ಹೇಳಿದರಂತೆ. "ಅಂಥೋರೂ ಸಿಕ್ತಾರೆ ಮಗ. ಸಿಕ್ದಾಗ ಸುಮ್ನಿರ್ಬೇಡ. ಆದ್ರೆ ಅಂಥೋರೇ ಎಲ್ಲಾ ಅಂತ ತಿಳ್ಕೋಬೇಡ" ಎಂದರಂತೆ.

ಮಗು ಮೈಸೂರಿಗೆ ಹೋಯಿತು. ಮೂರನೆಯ ವಾರ ನನಗೇ ಒಂದು ಮೆಸೇಜ್ ಬಂತು. ಹಾಗೇ ಬರೆಯುತ್ತೇನೆ.

"ಜೈ ಭೀಮ್ ಮಾಮ. ರೂಮಲ್ಲಿ ಒಬ್ಳು ಜಾತಿ ಕೇಳಿದ್ಲು. ನಾನು ಬೌದ್ಧಳು ಅಂದೆ. ಅದ್ಕಿಂತ ಮುಂಚೆ ಏನು ಅಂತ ಮತ್ತೆ ಕೇಳಿದ್ಲು. ಪಕ್ಕದ ಮಂಚದೋಳು ಎದ್ದು ಅವ್ಳಿಗೆ ಚೆನ್ನಾಗಿ ಬೈದ್ಲು. ಇವಾಗ ನಾನು ಅವ್ಳು ಒಟ್ಟಿಗೆ ಊಟಕ್ಕೆ ಹೋಗ್ತೀವಿ. ಎರಡೂ ಬರ್ಕೊಂಡಿದೀನಿ ಮಾಮ."

ಎರಡೂ ಬರೆದುಕೊಂಡಿದ್ದಾಳೆ. ಬಂಧುಗಳೇ, ನಾನು ಇಷ್ಟುದ್ದ ಬರೆದದ್ದನ್ನು ಆ ಮಗು ಒಂದೇ ಮಾತಿನಲ್ಲಿ ಹೇಳಿತು. ನಮ್ಮ ಅಭ್ಯಾಸವೂ ಅಷ್ಟೇ ಆಗಲಿ. ಪಾಚಿಯನ್ನು ಪಾಚಿ ಎಂದು ಬರೆಯೋಣ, ನೀರನ್ನು ನೀರು ಎಂದು ಬರೆಯೋಣ. ಕುಡಿದು ಮುಂದೆ ನಡೆಯೋಣ.

ಎಲ್ಲರಿಗೂ ಮಂಗಳವಾಗಲಿ. ಸಾಧು, ಸಾಧು, ಸಾಧು.

ನಮೋ ಬುದ್ಧಾಯ. ಜೈ ಭೀಮ್.